ಅನ್ನ ಉಂಟು, ಪಾಲಿಲ್ಲ

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಓಡಾಡಿದವರಿಗೆ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಅರ್ಧ ಹೂತು ನಿಂತ ವೀರಗಲ್ಲುಗಳು ಹೊಸವಲ್ಲ. ಲೂಯಿಸ್ ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಇಂಥ ಕಲ್ಲುಗಳ ಬರಹ ಬಹಳಷ್ಟಿದೆ. ಗಂಗರು, ನೊಳಂಬರ ಕಾಲದ ಈ ಕಲ್ಲುಗಳಲ್ಲಿ, ತುರುಗಾಳಗದಲ್ಲೋ ಊರಳಿವಿನಲ್ಲೋ ಸತ್ತವನ ಹೆಸರಾದ ಮೇಲೆ ಹಲವು ಕಡೆ ಭೂಮಿ ಕೊಟ್ಟ ಮಾತು ಬರುತ್ತದೆ. ಕೆಲವದರಲ್ಲಿ ಅದು ‘ಬಾಳ್ಗಳ್ಚು’, ಅಂದರೆ ಕತ್ತಿ ತೊಳೆದು ಕೊಟ್ಟದ್ದು. ಕೆಲವದರಲ್ಲಿ ‘ನೆತ್ತರುಕೊಡಗೆ’. ದುಡಿಯುವ ಕೈ ಹೋದ ಮನೆಗೆ ಉಣ್ಣಲು ಒಂದಿಷ್ಟು ಗದ್ದೆ. ಅದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ. ಕೊಟ್ಟವನು ಕಣ್ಣು ಮುಚ್ಚಿದ ಮೇಲೆ ಕೊಟ್ಟದ್ದನ್ನು ಕಾಯುವವರು ಯಾರು ಎಂಬ ಚಿಂತೆಗೆ ಆ ಕಾಲದವರ ಪರಿಹಾರ ಇಷ್ಟೆ: ಬರೆದು ನೆಡು, ಶಾಪ ಹಾಕು.

ಅದು ಹೊರಗೆ ಸತ್ತವನ ಮನೆಯ ಮಾತಾಯಿತು. ಮನೆಯೊಳಗೇ ದುಡಿಯಲಾರದವನೊಬ್ಬನಿದ್ದರೆ? ಹುಟ್ಟುಕುರುಡ ತಮ್ಮ, ನಡೆಯಲಾರದ ಅಣ್ಣ, ಬುದ್ಧಿ ಬೆಳೆಯದ ಮಗ? ಇವರ ಲೆಕ್ಕ ಬರೆದದ್ದು ಧರ್ಮಶಾಸ್ತ್ರ. ಅದನ್ನು ಬಂಗಾಳ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶಕ್ಕೆ ವಿವರಿಸಿ ಹೇಳಿದಾತ ಕನ್ನಡನಾಡಿನವನೇ ಆದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಸ್ಮೃತಿಯ ವಿಧಿ ಕಠಿಣವಾದದ್ದು. ಕುರುಡರು, ಕುಂಟರು, ಹುಚ್ಚರು, ಜಡರು, ವಾಸಿಯಾಗದ ರೋಗವುಳ್ಳವರು — ಇವರೆಲ್ಲ ‘ನಿರಂಶಕರು’. ಆಸ್ತಿಯಲ್ಲಿ ಪಾಲಿಲ್ಲ. ಆದರೆ ಅವರನ್ನು ಸಾಕಲೇಬೇಕು. ಬದುಕಿರುವ ತನಕ ಅನ್ನ, ಬಟ್ಟೆ ಕೊಡದವನು ಪತಿತನಾಗುತ್ತಾನೆಂದು ಮನುವೂ ಹೇಳುತ್ತಾನೆ.

ವಿಜ್ಞಾನೇಶ್ವರ ಈ ಗೋಡೆಯಲ್ಲಿ ಸಾಧ್ಯವಾದಷ್ಟು ಕಿಂಡಿ ಕೊರೆದ ಎನ್ನಬೇಕು. ವಿಭಾಗವಾಗುವ ಮೊದಲೇ ಊನವಿದ್ದರೆ ಮಾತ್ರ ಪಾಲಿಲ್ಲ, ಆಮೇಲೆ ಬಂದರೆ ಕೊಟ್ಟದ್ದನ್ನು ಕಿತ್ತುಕೊಳ್ಳುವಂತಿಲ್ಲ. ಔಷಧದಿಂದ ವಾಸಿಯಾದರೆ ಪಾಲು ಕೇಳಬಹುದು. ಅವರ ಮಕ್ಕಳಿಗೆ ಊನವಿಲ್ಲದಿದ್ದರೆ ಆ ಮಕ್ಕಳಿಗೆ ಪಾಲುಂಟು. ಹೆಣ್ಣುಮಕ್ಕಳನ್ನು ಮದುವೆಯಾಗುವ ತನಕ ಸಾಕಬೇಕು. ಆದರೂ ಮೂಲ ತತ್ತ್ವ ಕದಲಲಿಲ್ಲ: ಅನ್ನ ಉಂಟು, ಪಾಲಿಲ್ಲ. ನಾವು ಇಂದಿಗೂ ಬಳಸುವ ‘ಜೀವನಾಂಶ’ ಎಂಬ ಮಾತಿನಲ್ಲಿ ಅಂಶ ಎಂಬ ಪದ ಇದೆ, ನಿಜ. ಆದರೆ ಅದು ಒಲೆಯ ಮುಂದಿನ ಅಂಶ, ಹೊಲದ್ದಲ್ಲ.

1810ರಲ್ಲಿ ಕೋಲ್‌ಬ್ರೂಕ್ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಈ ವಿಧಿ ಕೋರ್ಟುಗಳ ಕಾನೂನಾಯಿತು. ಮೈಸೂರು ಸಂಸ್ಥಾನದಲ್ಲೂ, ಅದರೊಳಗಿನ ಕೋಲಾರದಲ್ಲೂ ಮಿತಾಕ್ಷರವೇ ಆಧಾರ. ಬ್ರಿಟಿಷ್ ಇಂಡಿಯಾ 1928ರ ಕಾಯಿದೆಯಿಂದ ಕುರುಡರು, ಕುಂಟರಿಗೆ ಪಾಲು ಕೊಟ್ಟಿತು. ಹುಟ್ಟಿನಿಂದ ಬುದ್ಧಿ ವಿಕಲರಾದವರನ್ನು ಮಾತ್ರ ಹೊರಗೇ ಉಳಿಸಿತು. ಮೈಸೂರಿನ ಹೆಮ್ಮೆ ಬೇರೆ ದಿಕ್ಕಿನದು. 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಇಲ್ಲಿನ ತಾಯಿಗೂ ವಿಧವೆಗೂ ವಿಭಾಗದಲ್ಲಿ ಒಂದು ಪಾಲು ತೆಗೆದಿರಿಸಿತು. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಂ ಹಳೆಯ ಪಟ್ಟಿಯನ್ನೇ ಅಳಿಸಿತು. ರೋಗ, ದೋಷ, ಅಂಗವಿಕಲತೆ ಯಾವುದೂ ವಾರಸುದಾರಿಕೆಗೆ ಅಡ್ಡಿಯಲ್ಲ.

ಅಲ್ಲಿಗೆ ಮಾತು ತಿರುಗುಮುರುಗಾಯಿತು. ಪಾಲು ಉಂಟು, ಅನ್ನ? ತನ್ನ ಹೆಸರಿನಲ್ಲಿ ಪಹಣಿ ಇದೆಯೆಂದು ತಿಳಿಯದವನ ಪಾಲನ್ನು ನೋಡಿಕೊಳ್ಳುವವರಾರು? ನಮ್ಮ ಕಡೆಯ ಪಾಲುಪಾರೀಕತ್ತುಗಳಲ್ಲಿ ಇದಕ್ಕೊಂದು ಸುಲಭದ ದಾರಿ ಉಂಟು: ಅಂಥ ಮಗನ ಪಾಲನ್ನು ಅಣ್ಣನಿಗೆ ಸೇರಿಸಿ, ‘ಅವನು ಅಣ್ಣನ ಮನೆಯಲ್ಲಿ ಉಣ್ಣುತ್ತಾನೆ’ ಎಂದು ಬಾಯಿಮಾತಿನಲ್ಲಿ ಮುಗಿಸುವುದು. ಅಣ್ಣನಿರುವ ತನಕ ಅದು ನಡೆದೀತು. ಅಣ್ಣನ ಮಕ್ಕಳ ಕಾಲಕ್ಕೆ? 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಹುಟ್ಟಿದ್ದು ಈ ಭಯದಿಂದಲೇ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವವರಿಗೆ ಹದಿನೆಂಟು ತುಂಬಿದ ಮೇಲೂ ಪಾಲಕರನ್ನು ನೇಮಿಸಬಹುದು. ನೇಮಿಸುವುದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ. ಪಾಲಕ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಶಾಪದ ಜಾಗಕ್ಕೆ ಲೆಕ್ಕಪತ್ರ ಬಂತು. ಈ ಸಮಿತಿಗೆ ಅರ್ಜಿ ಹಾಕಬಹುದೆಂಬುದು ಎಷ್ಟು ಮನೆಗಳಿಗೆ ಗೊತ್ತು ಎಂಬುದು ಬೇರೆ ಪ್ರಶ್ನೆ.

ವಯಸ್ಸಾದವರ ಕಷ್ಟ ಇನ್ನೊಂದು ಬಗೆಯದು. ಅವರಿಗೆ ಆಸ್ತಿ ಇರುತ್ತದೆ, ಬೇಗ ಕೊಟ್ಟುಬಿಡುತ್ತಾರೆ. ಮಾಲೂರು, ನರಸಾಪುರ, ವೇಮಗಲ್‌ನಲ್ಲಿ ಕಾರ್ಖಾನೆಗಳು ಎದ್ದ ಮೇಲೆ ರಾಗಿ ಹೊಲಕ್ಕೂ ಸೈಟಿನ ಬೆಲೆ ಬಂದಿದೆ, ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಅವಸರವೂ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಹಿಂದಕ್ಕೆ ಪಡೆಯಬಹುದು. ಅರ್ಜಿ ಉಪವಿಭಾಗಾಧಿಕಾರಿಯ ಮುಂದೆ, ಮೇಲ್ಮನವಿ ಜಿಲ್ಲಾಧಿಕಾರಿಗೆ. ತೊಡಕಿರುವುದು ‘ಷರತ್ತು’ ಎಂಬ ಮಾತಿನಲ್ಲಿ. ‘ಪ್ರೀತಿ ವಾತ್ಸಲ್ಯದಿಂದ ಕೊಟ್ಟಿದ್ದೇನೆ’ ಎಂದು ಬರೆಯುವ ನಮ್ಮ ದಾನಪತ್ರಗಳಲ್ಲಿ ಷರತ್ತಿನ ಸಾಲು ಇರುವುದೇ ಅಪರೂಪ. ಹೆತ್ತ ಮಗನಿಗೆ ಷರತ್ತು ಹಾಕುವುದು ಹೇಗೆಂಬ ಸಂಕೋಚ.

2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಒಂದು ಮೊಕದ್ದಮೆಯಲ್ಲಿ ತಾಯಿ ಬರೆದುಕೊಟ್ಟ ಹಕ್ಕುಬಿಡುಗಡೆ ಪತ್ರಕ್ಕೆ ಇಂಥ ಷರತ್ತಿರಲಿಲ್ಲ. ಆಸ್ತಿ ಹಿಂದಕ್ಕೆ ಬರಲಿಲ್ಲ. 2025ರ ಜನವರಿಯಲ್ಲಿ ತೀರ್ಮಾನವಾದದ್ದು ಮಧ್ಯಪ್ರದೇಶದ ಛತರಪುರದ ತಾಯಿಯೊಬ್ಬರ ದಾವೆ. ಅಲ್ಲಿ ದಾನಪತ್ರದಲ್ಲೇ ಪೋಷಣೆಯ ಮಾತಿತ್ತು. ಜೊತೆಗೆ, ಕೊನೆಯತನಕ ನೋಡಿಕೊಳ್ಳುತ್ತೇನೆ, ತಪ್ಪಿದರೆ ವಾಪಸು ಪಡೆಯಬಹುದು ಎಂಬ ಮಗನ ವಚನಪತ್ರ. ಅದು ಸುಳ್ಳು ಕಾಗದವೆಂದು ಮಗ ವಾದಿಸಿದ. ನ್ಯಾಯಾಲಯ ದಾನಪತ್ರವನ್ನು ರದ್ದುಪಡಿಸಿ, ಫೆಬ್ರವರಿ 28ರೊಳಗೆ ಆಸ್ತಿಯನ್ನು ತಾಯಿಗೆ ಬಿಟ್ಟುಕೊಡಬೇಕೆಂದು ಆದೇಶಿಸಿತು.