ತಕರಾರಿನಿಂದ ಹುಟ್ಟಿದ ನಿಯಮಪುಸ್ತಕಗಳು

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಮೇಲೆ ರೋಲ್‌ಪ್ಲೇಯಿಂಗ್ ಆಟ ನಡೆಯುತ್ತದೆ ಎಂದು ಗೊತ್ತಾದವರು ಕೇಳುವ ಮೊದಲ ಪ್ರಶ್ನೆ, 'ಯಾವ ಪುಸ್ತಕ ತಗೊಳ್ಳಲಿ ಸಾರ್?' ಎಂಬುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೆಸರೊಂದನ್ನು ಎಲ್ಲೋ ಕೇಳಿರುತ್ತಾರೆ, ಅದರ ಬೆಲೆ ನೋಡಿ ಗಾಬರಿಯಾಗಿರುತ್ತಾರೆ. ನಾನು ತಿರುಗಿ ಕೇಳುತ್ತೇನೆ: ನಿಮ್ಮ ಸ್ನೇಹಿತರು ಆಟಕ್ಕೆ ಕೂತರೆ ಯಾವ ವಿಷಯಕ್ಕೆ ಜಗಳವಾಡುತ್ತಾರೆ? ತಮಾಷೆಗೆ ಕೇಳುವುದಲ್ಲ. ಈ ಆಟಗಳ ಐವತ್ತು ವರ್ಷದ ಚರಿತ್ರೆಯನ್ನು ಮುಂದಕ್ಕೆ ತಳ್ಳಿದ್ದೇ ತಕರಾರುಗಳು.

ತಾಳಮದ್ದಳೆ ಕೇಳಿದವರಿಗೆ ಈ ಆಟ ಬೇಗ ತಲೆಗೆ ಹೋಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುವುದು. ನಡೆಸಿಕೊಡಲು ಭಾಗವತರಿದ್ದಂತೆ ಇಲ್ಲೊಬ್ಬ ಗೇಮ್ ಮಾಸ್ಟರ್. ಆದರೆ ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗದ ಕರ್ಣ ಕೊನೆಗೆ ಸಾಯಲೇಬೇಕು. ಇಲ್ಲಿ ಕೊನೆ ಮೊದಲೇ ಬರೆದಿಲ್ಲ. ಮಾತು ಮುಗಿದಲ್ಲಿ ದಾಳ ಉರುಳುತ್ತದೆ. ಯಾವಾಗ ಉರುಳಿಸಬೇಕು, ಬಿದ್ದ ಸಂಖ್ಯೆಗೆ ಏನರ್ಥ ಎಂದು ಹೇಳುವುದಷ್ಟೇ ನಿಯಮಪುಸ್ತಕದ ಕೆಲಸ.

ಶುರುವಾದದ್ದು ಅಮೆರಿಕದ ಮಿನೆಸೋಟದಲ್ಲಿ, 1969ರಲ್ಲಿ. ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರದ ಕೆಲವು ಹುಡುಗರು ಪುಟ್ಟ ಸೀಸದ ಸೈನಿಕರನ್ನಿಟ್ಟು ನೆಪೋಲಿಯನ್ ಕಾಲದ ಯುದ್ಧ ಆಡುತ್ತಿದ್ದರು. ಅವರಲ್ಲಿ ಡೇವಿಡ್ ವೆಸ್ಲಿ ಎಂಬಾತ ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಊರೊಂದನ್ನು ಕಟ್ಟಿ, ಸೇನಾಪತಿಗಳ ಜತೆಗೆ ಊರಿನ ಮೇಯರ್, ಬ್ಯಾಂಕಿನವನು, ವಿಶ್ವವಿದ್ಯಾಲಯದ ಮುಖ್ಯಸ್ಥ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹಂಚಿದರು. ಯುದ್ಧ ಶುರುವಾಗುವ ಮುಂಚೆಯೇ ಎಲ್ಲರೂ ಮೂಲೆ ಮೂಲೆಗೆ ಹೋಗಿ ಗುಟ್ಟಾಗಿ ಸಂಧಾನಕ್ಕಿಳಿದರು. ಇಬ್ಬರು ಬಂದು, ನಾವು ದ್ವಂದ್ವಯುದ್ಧಕ್ಕೆ ಸವಾಲು ಹಾಕಿಕೊಂಡಿದ್ದೇವೆ, ಈಗೇನು ಮಾಡೋದು ಎಂದರು. ಅದಕ್ಕೆ ನಿಯಮವೇ ಇರಲಿಲ್ಲ. ವೆಸ್ಲಿ ಅಲ್ಲೇ ಒಂದು ತೀರ್ಪು ಕೊಟ್ಟರು. ಆಟ ಹದಗೆಟ್ಟಿತೆಂದೇ ಅವರು ತಿಳಿದದ್ದು. ಆಡಿದವರು ಮಾತ್ರ ಇನ್ನೊಮ್ಮೆ ಬೇಕೆಂದರು.

ಆ ಗುಂಪಿನ ಡೇವ್ ಆರ್ನೆಸನ್ 1971ರಲ್ಲಿ ಇದೇ ಬಗೆಯ ಆಟವನ್ನು ಬ್ಲ್ಯಾಕ್‌ಮೂರ್ ಎಂಬ ಮಾಯಾಲೋಕಕ್ಕೆ, ಅಲ್ಲಿನ ಕೋಟೆಯ ನೆಲಮಾಳಿಗೆಗೆ ಒಯ್ದರು. ವಿಸ್ಕಾನ್ಸಿನ್‌ನ ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್ ಅದನ್ನು ನೋಡಿ, ಬರೆದು, 1974ರಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಆಗ ಒಂದು ಪೆಟ್ಟಿಗೆ, ಮೂರು ತೆಳು ಪುಸ್ತಕ, ಹತ್ತು ಡಾಲರ್. ಹೊಡೆದಾಟಕ್ಕೆ ಬೇಕಾದರೆ ಗೈಗ್ಯಾಕ್ಸ್‌ರದೇ ಹಳೆಯ ಚೈನ್‌ಮೇಲ್ ಪುಸ್ತಕ ನೋಡಬೇಕು, ಕಾಡು ಸುತ್ತುವುದಕ್ಕೆ ಇನ್ನೊಂದು ಕಂಪನಿಯ ಆಟದ ಬೋರ್ಡ್ ಬೇಕು! ಅರ್ಧಂಬರ್ಧ ಪುಸ್ತಕ. ಬಿಟ್ಟ ಜಾಗವನ್ನು ಒಂದೊಂದು ಊರಿನವರು ಒಂದೊಂದು ಥರ ತುಂಬಿಕೊಂಡರು. ಅಚ್ಚುಕಟ್ಟಾಗಿ ಬರೆದಿದ್ದರೆ ಇಷ್ಟು ಆಟಗಳು ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ಗುಮಾನಿ.

ಮೊದಲ ತಕರಾರು ಮರುವರ್ಷವೇ ಬಂತು. ಅರಿಜೋನಾದ ಫೀನಿಕ್ಸ್‌ನಲ್ಲಿ ಗ್ರಂಥಾಲಯದ ಕೆಲಸದಲ್ಲಿದ್ದ ಕೆನ್ ಸೇಂಟ್ ಆಂಡ್ರೆ ಆ ಪುಸ್ತಕ ಓದಿ, ಇದೇನು ಗೋಜಲು ಎಂದು 1975ರಲ್ಲಿ ಟನೆಲ್ಸ್ ಅಂಡ್ ಟ್ರೋಲ್ಸ್ ಬರೆದರು. ಇಪ್ಪತ್ತು ಮುಖದ ದಾಳ ಹುಡುಕುತ್ತಾ ಅಲೆಯುವುದು ತಪ್ಪಿತು. ಮನೆಯಲ್ಲಿರುವ ಆರು ಮುಖದ ದಾಳ ಸಾಕಾಯಿತು. ಕತ್ತಿವರಸೆಯನ್ನು ಮೈಮುಟ್ಟಿ ಬಲ್ಲ ಸ್ಟೀವ್ ಪೆರಿನ್‌ರದು ಬೇರೆ ದೂರು. ಅವರು ತಮ್ಮ ಸಂಗಡಿಗರೊಂದಿಗೆ 1978ರಲ್ಲಿ ತಂದ ರೂನ್‌ಕ್ವೆಸ್ಟ್‌ನಲ್ಲಿ ಏಟು ಯಾವ ಅಂಗಕ್ಕೆ ಬಿತ್ತು ಎಂಬ ಲೆಕ್ಕವುಂಟು. ಬಳಸಿದಂತೆಲ್ಲ ವಿದ್ಯೆ ಬೆಳೆಯುತ್ತದೆ. 1977ರ ಟ್ರಾವೆಲರ್ ಬಾಹ್ಯಾಕಾಶದ್ದು. ಪಾತ್ರದ ಹಿಂದಿನ ಉದ್ಯೋಗವನ್ನು ದಾಳದಿಂದ ತೀರ್ಮಾನಿಸುವಾಗಲೇ, ಆಟ ಶುರುವಾಗುವ ಮೊದಲೇ, ಪಾತ್ರ ಸತ್ತೂ ಹೋಗಬಹುದು. ನಮ್ಮ ಮೇಜಿನ ವಕೀಲರಿಗೆ ಇದು ಮಹಾ ಅನ್ಯಾಯ. ನನಗಂತೂ ಇಷ್ಟ.

ಇವೆಲ್ಲದರಲ್ಲೂ ನನ್ನನ್ನು ಹಿಡಿದಿಟ್ಟದ್ದು ಸ್ಯಾಂಡಿ ಪೀಟರ್ಸನ್ 1981ರಲ್ಲಿ ರಚಿಸಿದ ಕಾಲ್ ಆಫ್ ಕ್ಥುಲು. ಲವ್‌ಕ್ರಾಫ್ಟ್‌ನ ಭಯದ ಕಥೆಗಳ ಆಟ. ಡಂಜನ್ಸ್‌ನಲ್ಲಿ ಆಡಿದಷ್ಟೂ ನೀವು ಬಲಿಷ್ಠರಾಗುತ್ತೀರಿ. ಇಲ್ಲಿ ಬುದ್ಧಿಯ ಸ್ಥಿಮಿತಕ್ಕೊಂದು ಅಂಕವಿದೆ. ಘೋರವಾದದ್ದು ಕಣ್ಣಿಗೆ ಬಿದ್ದಾಗಲೆಲ್ಲ ಅದು ಇಳಿಯಬಹುದು, ನಿಗೂಢ ದೈವಗಳ ವಿಷಯ ಹೆಚ್ಚು ತಿಳಿದಷ್ಟೂ ಆ ಅಂಕದ ಗರಿಷ್ಠ ಮಿತಿಯೇ ಕುಗ್ಗುತ್ತದೆ. ಓದಿದವನಿಗೆ ಹುಚ್ಚು ಹತ್ತಿರ! ಒಂದೇ ಒಂದು ನಿಯಮದಿಂದ ಮೇಜಿನ ಸುತ್ತಲಿನವರ ಧೈರ್ಯ ಉಡುಗುವುದನ್ನು ಕಣ್ಣಾರೆ ಕಂಡಿದ್ದೇನೆ. ಕತ್ತಿ ಹಿಡಿದು ನುಗ್ಗುವ ನಮ್ಮ ಬ್ಯಾಂಕ್ ಮ್ಯಾನೇಜರ್ ಕೂಡ ಬಾಗಿಲು ತೆರೆಯುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಆಡುವವರಲ್ಲೇ ಬಗೆಗಳಿವೆ ಎಂದು ಗ್ಲೆನ್ ಬ್ಲೇಕೋ 1980ರಲ್ಲೇ ಬರೆದರು: ಪಾತ್ರದೊಳಗೆ ಇಳಿಯುವವರು, ಕಥೆ ಬೇಕೆನ್ನುವವರು, ಬಲ ಕೂಡಿಸುವವರು, ಯುದ್ಧತಂತ್ರ ಹೂಡುವವರು. ನಮ್ಮ ಮೇಜಿನಲ್ಲಿ ನಾಲ್ಕೂ ಇವೆ. ಮುಂದೆ 1986ರ ಗರ್ಪ್ಸ್ ಒಂದೇ ನಿಯಮಾವಳಿಯಲ್ಲಿ ಎಲ್ಲರನ್ನೂ ಮೆಚ್ಚಿಸಲು ಹೊರಟಿತು. ಅಂಕ ಕೊಟ್ಟು ಗುಣ ಕೊಳ್ಳುವ ಆ ಲೆಕ್ಕಾಚಾರ ನನಗೆ ಆದಾಯ ತೆರಿಗೆ ಅರ್ಜಿ ತುಂಬಿದಷ್ಟೇ ಸಪ್ಪೆ. 1991ರ ವ್ಯಾಂಪೈರ್ ಪಾತ್ರದ ಒಳತುಮುಲವನ್ನೇ ಆಟವಾಗಿಸಿತು. ಆಡಿಸುವವರು ಚೆನ್ನಾಗಿದ್ದರೆ ನಿಯಮ ಯಾವುದಾದರೇನು ಎಂಬ ಮಾತಿಗೆ ರಾನ್ ಎಡ್ವರ್ಡ್ಸ್ ಎದುರಾಡಿದರು: ಯಾವುದಕ್ಕೆ ನಿಯಮ ಬರೆದಿದೆಯೋ ಆಟ ಆ ಕಡೆಗೇ ವಾಲುತ್ತದೆ ಎಂಬುದು ಅವರ ವಾದದ ಸಾರ. ಒಪ್ಪಬೇಕಾದ ಮಾತು. ವಿನ್ಸೆಂಟ್ ಮತ್ತು ಮೆಗ್ವೀ ಬೇಕರ್ ದಂಪತಿಯ 2010ರ ಅಪಾಕಲಿಪ್ಸ್ ವರ್ಲ್ಡ್ ನೋಡಿ: ಎರಡು ದಾಳ ಕೂಡಿಸಿ 10 ಅಥವಾ ಹೆಚ್ಚು ಬಂದರೆ ಕೆಲಸ ಆಯಿತು, 7ರಿಂದ 9 ಬಂದರೆ ಆಯಿತು ಆದರೆ ಬೆಲೆ ತೆರಬೇಕು, ಆರಕ್ಕಿಳಿದರೆ ಫಜೀತಿ. ನಡುವಿನದು ಆಗಾಗ ಬೀಳುತ್ತಲೇ ಇರುತ್ತದೆ, ಹಾಗಾಗಿ ಕಥೆ ನಿಲ್ಲುವುದೇ ಇಲ್ಲ.

ಆದ್ದರಿಂದ ದಪ್ಪ ಪುಸ್ತಕಕ್ಕೆ ದುಡ್ಡು ಸುರಿಯುವ ಮೊದಲು ನಿಮ್ಮವರ ಜಗಳ ಕೇಳಿಸಿಕೊಳ್ಳಿ. 'ಅಷ್ಟು ಸುಲಭಕ್ಕೆ ಗೆದ್ದೆಯಾ?' ಎನ್ನುವವರಿಗೆ ರೂನ್‌ಕ್ವೆಸ್ಟ್, 'ನನ್ನ ಸರದಿ ಯಾವಾಗ ಬರುತ್ತೆ?' ಎನ್ನುವವರಿಗೆ ಅಪಾಕಲಿಪ್ಸ್ ವರ್ಲ್ಡ್, ಒಗಟು ಬಿಡಿಸುವವರಿಗೆ ಕ್ಥುಲು. ಎಲ್ಲ ಬಗೆಯವರೂ ಇದ್ದರೆ ಡಂಜನ್ಸ್ ಸಾಕು. ಅದರ ಐದನೆಯ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿವೆ. ಕ್ಥುಲುವಿನ ಆರಂಭಿಕ ಕೈಪಿಡಿಯೂ ಪುಕ್ಕಟೆ ಸಿಗುತ್ತದೆ. ಮೊದಲು ಅವನ್ನು ಇಳಿಸಿಕೊಂಡು ಆಡಿ ನೋಡಿ, ಪುಸ್ತಕ ಆಮೇಲೆ ಕೊಳ್ಳಿ.