ಸೂರ್ಯ ಸಿಡಿದ ದಿನ ಮುಂಬೈನಲ್ಲಿ ಬರೆದಿಟ್ಟ ಲೆಕ್ಕ

ಸೂರ್ಯನಲ್ಲಿ ಒಂದು ಕಿಡಿ ಹಾರಿದರೆ ಸಾಕು, ಟಿವಿ ಪರದೆ ಮೇಲೆ ಭೂಮಿ ಹೊತ್ತಿ ಉರಿಯುತ್ತೆ. ಹಿನ್ನೆಲೆಗೆ ಢಂ ಢಂ ಸಂಗೀತ ಬೇರೆ. ಇದೇ ಕಸುಬಿನಲ್ಲಿರೋ ನಾನು ಹೇಳ್ತಿದ್ದೀನಿ, ನಿಜವಾಗಿ ನಡೆದದ್ದು ಆ ಗ್ರಾಫಿಕ್ಸ್‌ಗಿಂತ ರೋಚಕ.

1859ರ ಸೆಪ್ಟೆಂಬರ್ 1, ಬೆಳಗ್ಗೆ 11 ಗಂಟೆ 18 ನಿಮಿಷ. ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳ ವೀಕ್ಷಕ ಸೂರ್ಯನ ಕಲೆಗಳ ಚಿತ್ರ ಬಿಡಿಸುತ್ತಾ ಕೂತಿದ್ದ. ಕಲೆಗಳ ನಡುವೆ ಇದ್ದಕ್ಕಿದ್ದಂತೆ ಕಣ್ಣು ಕೋರೈಸುವ ಎರಡು ಬಿಳಿ ಬೆಳಕು! ಸಾಕ್ಷಿಗೆ ಯಾರಾದರೂ ಇರಲಿ ಅಂತ ಕರೆಯಲು ಓಡಿದ. ಒಂದು ನಿಮಿಷದೊಳಗೆ ವಾಪಸ್ ಬಂದು ನೋಡಿದರೆ ಬೆಳಕು ಆಗಲೇ ಮಂಕಾಗಿತ್ತು. ಪುಣ್ಯಕ್ಕೆ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬರು ಬೇರೆಡೆಯಿಂದ ಅದನ್ನೇ ನೋಡಿದ್ದರು. ಇಲ್ಲದಿದ್ದರೆ ಕ್ಯಾರಿಂಗ್ಟನ್ ಮಾತನ್ನ ಯಾರು ನಂಬ್ತಿದ್ರು?

ಸೂರ್ಯ ಉಗುಳಿದ ವಿದ್ಯುತ್ ಕಣಗಳ ಮೋಡ ಸಾಮಾನ್ಯವಾಗಿ ಭೂಮಿ ತಲುಪಲು ಎರಡು ಮೂರು ದಿನ ಬೇಕು. ಇದು ಹದಿನೇಳೂವರೆ ಗಂಟೆಯಲ್ಲೇ ಬಂದು ಅಪ್ಪಳಿಸಿತು. ಭೂಮಿಯ ಕಾಂತಕ್ಷೇತ್ರ ಅಲುಗಾಡಿತು, ಟೆಲಿಗ್ರಾಫ್ ತಂತಿಗಳಲ್ಲಿ ತಾನಾಗಿಯೇ ಕರೆಂಟು ಹರಿಯಿತು. ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ಆಪರೇಟರ್‌ಗಳು ಬ್ಯಾಟರಿ ಕಳಚಿಟ್ಟು, ಬರೀ ಆ ಕರೆಂಟಿನಲ್ಲೇ ಸಂದೇಶ ಕಳಿಸಿಕೊಂಡರು! ಧ್ರುವಗಳ ಬಳಿ ಕಾಣಬೇಕಾದ ಬಣ್ಣದ ಬೆಳಕು ಕ್ಯೂಬಾದಲ್ಲೂ ಕಾಣಿಸಿತು.

ಈಗ ಮುಂಬೈಗೆ ಬನ್ನಿ. ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದಲೂ ಕಾಂತಕ್ಷೇತ್ರದ ಅಳತೆ ನಡೆಯುತ್ತಿತ್ತು. ಲಂಡನ್ನಿನ ಕ್ಯೂ ವೀಕ್ಷಣಾಲಯದಲ್ಲಿ ಫೋಟೊ ತೆಗೆಯುವ ಯಂತ್ರವಿತ್ತು, ಆದರೆ ಬಿರುಗಾಳಿಯ ಜೋರಿಗೆ ಗೆರೆ ಕಾಗದದಾಚೆ ಹೋಗಿಬಿಟ್ಟಿತು. ಕೊಲಾಬಾದಲ್ಲಿ ಯಂತ್ರವಿರಲಿಲ್ಲ, ಮನುಷ್ಯರಿದ್ದರು. ಮುಳ್ಳು ಹುಚ್ಚೆದ್ದು ಕುಣಿಯತೊಡಗಿದಾಗ ಕೆಲವೇ ನಿಮಿಷಕ್ಕೊಮ್ಮೆ ಕಣ್ಣಿಟ್ಟು ನೋಡಿ, ಅಂಕಿ ಬರೆದುಕೊಂಡರು. ಸುಮಾರು 1600 ನ್ಯಾನೊಟೆಸ್ಲಾ ಕುಸಿತ! 1989ರಲ್ಲಿ ಕೆನಡಾದ ಕ್ಯುಬೆಕ್‌ನ 60 ಲಕ್ಷ ಜನರನ್ನು ಒಂಬತ್ತು ಗಂಟೆ ಕತ್ತಲಲ್ಲಿ ಕೂರಿಸಿದ ಬಿರುಗಾಳಿಯ ಅಳತೆ 600ರ ಆಸುಪಾಸು. ಒಂದೂರಿನ ಅಂಕಿಯನ್ನು ಜಾಗತಿಕ ಸರಾಸರಿ ಜೊತೆ ನೇರ ಹೋಲಿಸಬಾರದು, ನಿಜ. ಆದರೂ ಅಂದಾಜು ಸಿಗುತ್ತಲ್ಲ?

ಮುಂದೆ ಮುಂಬೈಗೆ ವಿದ್ಯುತ್ ಟ್ರಾಮ್ ಬಂದು ಅಳತೆ ಕೆಡಿಸುತ್ತೆ ಅಂತ ಉಪಕರಣಗಳು ಅಲಿಬಾಗ್‌ಗೆ ಹೋದವು. ಕೊಲಾಬಾದ ಆ ಅಂಕಿಗಳನ್ನು ಹೊರತೆಗೆದು 2003ರಲ್ಲಿ ಜಗತ್ತಿನ ಮುಂದಿಟ್ಟ ತಂಡದಲ್ಲಿ ನಮ್ಮ ಗುರ್ಬಕ್ಷ್ ಲಾಖಿನಾ ಕೂಡ ಇದ್ದರು. ಬರೆದಿಟ್ಟವರ ಹೆಸರು ಮಾತ್ರ ಯಾವ ಪಾಠಪುಸ್ತಕದಲ್ಲೂ ಇಲ್ಲ.

ಆಗ ಕೆಟ್ಟಿದ್ದು ಟೆಲಿಗ್ರಾಫ್ ಮಾತ್ರ. ಈಗ ಗ್ರಿಡ್, ಉಪಗ್ರಹ, ಜಿಪಿಎಸ್, ವಿಮಾನ, ಎಲ್ಲವೂ ಸಾಲಾಗಿ ನಿಂತಿವೆ. ಕಾವಲಿಗೆ ನಮ್ಮ ಇಸ್ರೋದ ಆದಿತ್ಯ-ಎಲ್1 ಇದೆ. ಕಾಕತಾಳೀಯ ನೋಡಿ, ಅದು ಹಾರಿದ್ದೂ ಸೆಪ್ಟೆಂಬರ್ 2ರಂದೇ, 2023ರಲ್ಲಿ. ಅದರ ಮುಖ್ಯ ಉಪಕರಣ ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಗೋಳ ಭೌತಶಾಸ್ತ್ರ ಸಂಸ್ಥೆ. ಮೋಡ ಹೊರಟಿದ್ದು ಮೊದಲೇ ಕಾಣಬಹುದು. ಆದರೆ ಏಟು ಎಷ್ಟು ಜೋರು ಅನ್ನೋದು ಅದರೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದೆಯಾ ಅನ್ನೋದರ ಮೇಲೆ ನಿಂತಿದೆ. ಅದನ್ನು ಖಚಿತವಾಗಿ ಅಳೆಯೋಕಾಗೋದು ಮೋಡ 15 ಲಕ್ಷ ಕಿಲೋಮೀಟರ್ ದೂರದ ಆ ಎಲ್1 ತಾಣ ದಾಟುವಾಗ. 1859ರ ವೇಗದಲ್ಲಿ ಅಲ್ಲಿಂದ ಭೂಮಿಗೆ ಹತ್ತು ಹನ್ನೊಂದು ನಿಮಿಷ.