ಕಳ್ಳನ ಮಗ ಕಳ್ಳನೇ?



1985ರ ಸುಮಾರಿಗೆ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಒಬ್ಬ ಹುಡುಗ ಹಸು ಕೊಳ್ಳಲು ಸಾಲದ ಅರ್ಜಿ ಕೊಟ್ಟ. "ಅವರಪ್ಪ ಜೈಲಿಗೆ ಹೋಗಿ ಬಂದವನು" ಎಂದು ಯಾರೋ ನನ್ನ ಕಿವಿಗೆ ಹಾಕಿದರು. ಆ ಅರ್ಜಿಯನ್ನು ಕಟ್ಟಿನ ಅಡಿಗೆ ತಳ್ಳಿದೆ. ಹುಡುಗ ಮೂರು ಸಲ ಬಂದ, ಆಮೇಲೆ ಬರಲಿಲ್ಲ.

ನಾನು ಗುಟ್ಟಾಗಿ ಮಾಡಿದ್ದನ್ನು ಬ್ರಿಟಿಷ್ ಸರ್ಕಾರ ಕಾನೂನಾಗಿಯೇ ಮಾಡಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಬಂತು. ನಮ್ಮ ಹೊಸೂರು ಸೀಮೆ ಆಗ ಸೇಲಂ ಜಿಲ್ಲೆಯಲ್ಲಿತ್ತು. ತಮಿಳಿನಲ್ಲಿ ಇದನ್ನೇ 'ಕುಟ್ರಪ್ಪರಂಬರೈ' ಎನ್ನುವುದು. ಜಾತಿಯ ಹೆಸರು ಪಟ್ಟಿಗೆ ಸೇರಿತೆಂದರೆ, ಏನೂ ಕದಿಯದವನೂ ಪೊಲೀಸರ ಮುಂದೆ ಹಾಜರಿ ಹಾಕಬೇಕಾಗಿತ್ತು. ದೇಶದಲ್ಲೆಲ್ಲ ಈ ಕಾಯಿದೆ ರದ್ದಾದದ್ದು 1952ರಲ್ಲಿ.

ಅದೇ ಹೊತ್ತಿಗೆ ಅಮೆರಿಕದ ವಾಲ್ಟರ್ ರೆಕ್ಲೆಸ್ ವಿಶ್ವಸಂಸ್ಥೆಯ ತಜ್ಞರಾಗಿ ಭಾರತಕ್ಕೆ ಬಂದು, ನಮ್ಮ ಜೈಲುಗಳ ಆಡಳಿತದ ಬಗ್ಗೆ ವರದಿ ಕೊಟ್ಟರು. ಕೆಟ್ಟ ಕೇರಿಯಲ್ಲಿ ಬೆಳೆದ ಹುಡುಗರೆಲ್ಲ ಏಕೆ ಕೆಡುವುದಿಲ್ಲ? ಇದು ಅವರ ಪ್ರಶ್ನೆ. 'ನಾನು ಒಳ್ಳೆಯವನು' ಎಂಬ ನಂಬಿಕೆಯೇ ಹುಡುಗನಿಗೆ ಬೇಲಿ ಎಂದು ಅವರೂ ಜೊತೆಗಾರರೂ 1956ರಲ್ಲಿ ಬರೆದರು. 1970ರಲ್ಲಿ ಮದರಾಸಿನಲ್ಲಿ ಹುಟ್ಟಿದ ಭಾರತೀಯ ಅಪರಾಧಶಾಸ್ತ್ರ ಸಂಘವು 'ಕುಮಾರಪ್ಪ–ರೆಕ್ಲೆಸ್' ಎಂಬ ಪ್ರಶಸ್ತಿಯನ್ನು ಇಟ್ಟಿದೆ. ಈ ಕುಮಾರಪ್ಪನವರು ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಜೆ. ಎಂ. ಕುಮಾರಪ್ಪ.

ಇನ್ನೊಂದು ದೊಡ್ಡ ಪ್ರಶಸ್ತಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನದು. 2006ರಲ್ಲಿ ಅದನ್ನು ಮೊದಲು ಕೊಟ್ಟರು. 2007ರಲ್ಲಿ ಪಡೆದ ಇಬ್ಬರಲ್ಲಿ ಟೆರ್ರಿ ಮಾಫಿಟ್ ಎಂಬ ಮಹಿಳೆ ಒಬ್ಬರು. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳ ಬದುಕನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅವರ ಆಧಾರ. ದೇಹ, ಮನಸ್ಸು, ಸಮಾಜ ಮೂರನ್ನೂ ಅದರಲ್ಲಿ ಒಟ್ಟಿಗೆ ನೋಡಿದರು. 2002ರಲ್ಲಿ ಅವರ ತಂಡ ಹುಡುಗರಲ್ಲಿ ಒಂದು ವಂಶವಾಹಿಯನ್ನು ಪರೀಕ್ಷಿಸಿತು. ಅದರ ದುರ್ಬಲ ರೂಪ ಇದ್ದವರಲ್ಲೂ, ಬಾಲ್ಯದಲ್ಲಿ ಹಿಂಸೆ ಉಂಡವರೇ ಹೆಚ್ಚಾಗಿ ಹಾದಿ ತಪ್ಪಿದ್ದರು. ರಕ್ತವೊಂದೇ ತೀರ್ಪು ಬರೆಯುವುದಿಲ್ಲ ಎಂದಾಯಿತು.

ಎಸ್ಸೆಸ್ಸೆಲ್ಸಿ ಓದಿದ ನನಗೆ ಇದು ತಡವಾಗಿ ತಿಳಿಯಿತು. ಆ ಹುಡುಗನ ಬೇಲಿ ಕಿತ್ತವರಲ್ಲಿ ನಾನೂ ಒಬ್ಬ. ನಮ್ಮ ಗುಮ್ಮಳಾಪುರದಲ್ಲಾಗಲಿ ನಿಮ್ಮೂರಲ್ಲಾಗಲಿ, ಜೈಲು ಕಂಡವನ ಮಗ ಎದುರು ಬಂದರೆ ಅವರಪ್ಪನ ಮಾತೆತ್ತಬೇಡಿ. ಹುಡುಗನ ಹೆಸರು ಹಿಡಿದು ಕರೆಯಿರಿ.